ರೋಗಿಯ ಸಂಸ್ಕೃತಿಯನ್ನು ಅರಿಯುವುದೆಂದರೆ ಪಟ್ಟಿಯನ್ನು ಬಾಯಿಪಾಠ ಮಾಡುವುದೇ?

ಪ್ರಶ್ನೆ:
ನಾನು ಆಸ್ಪತ್ರೆಯೊಂದರ ಒಳರೋಗಿ ವಿಭಾಗದಲ್ಲಿ ಶುಶ್ರೂಷಕಿ. ಇತ್ತೀಚೆಗೆ ನಮಗೆ ಸಾಂಸ್ಕೃತಿಕ ಸಾಮರ್ಥ್ಯದ ಕುರಿತು ಅರ್ಧ ದಿನದ ತರಬೇತಿ ನಡೆಯಿತು; ಇಂಥ ಸಮುದಾಯದವರು ನೋವನ್ನು ಹೇಳಿಕೊಳ್ಳುವುದಿಲ್ಲ, ಇಂಥವರಲ್ಲಿ ಮನೆಯ ಗಂಡಸರೇ ತೀರ್ಮಾನಿಸುತ್ತಾರೆ ಎಂಬ ಪಟ್ಟಿಯೊಂದನ್ನು ಕೈಗಿತ್ತರು. ಅದನ್ನು ನಂಬಿ ಮರುವಾರವೇ ವೃದ್ಧೆಯೊಬ್ಬರ ಕಾಯಿಲೆಯನ್ನು ಅವರ ಮಗನಿಗಷ್ಟೇ ವಿವರಿಸಿದೆ. "ಕಾಯಿಲೆ ನನ್ನದಲ್ಲವೇ?" ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸಂಸ್ಕೃತಿಯನ್ನು ಅರಿತು ಆರೈಕೆ ಮಾಡಬೇಕೆಂಬುದನ್ನು ಒಪ್ಪುತ್ತೇನೆ; ಆದರೆ ಅದನ್ನು ಮಾಡುವ ಬಗೆ ಯಾವುದು?

ಉತ್ತರ, ವೈದ್ಯರೊಬ್ಬರಿಂದ:
ಮೇಡಂ, ತಪ್ಪಿರುವುದು ಪಟ್ಟಿಯನ್ನು ನಂಬಿದ್ದರಲ್ಲಿ, ಸಂಸ್ಕೃತಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಲ್ಲಲ್ಲ. ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲೇ ರೋಗಿಯನ್ನು ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಸೂಚಿಸಿದ್ದರು: ಈ ತೊಂದರೆ ಏಕೆ ಬಂತೆಂದು ನಿಮಗನಿಸುತ್ತದೆ, ಆಗಲೇ ಏಕೆ ಶುರುವಾಯಿತು, ಇದರ ಬಗ್ಗೆ ನಿಮಗಿರುವ ದೊಡ್ಡ ಭಯ ಯಾವುದು. ನನ್ನ ಅನುಭವದಲ್ಲಿ ಕೊನೆಯದೇ ಹೆಚ್ಚು ಫಲ ಕೊಡುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ತಲೆನೋವು ಬಂದ ದಿನ ಮಾತ್ರ ನುಂಗುತ್ತಿದ್ದ ರೋಗಿಯೊಬ್ಬರು, ದಿನವೂ ನುಂಗಿದರೆ ದೇಹವೇ ಅದಕ್ಕೆ ದಾಸನಾಗಿಬಿಡುತ್ತದೆ ಎಂಬ ಅಂಜಿಕೆಯನ್ನು ಬಾಯಿಬಿಟ್ಟು ಹೇಳಿದ್ದು ಈ ಪ್ರಶ್ನೆ ಕೇಳಿದಾಗಲೇ. ಅಲ್ಲಿಯವರೆಗೆ ನಾನು ಅವರ ಕಡತದಲ್ಲಿ 'ಹೇಳಿದ್ದು ಕೇಳುವುದಿಲ್ಲ' ಎಂದು ಬರೆದು ಸುಮ್ಮನಾಗಿದ್ದೆ.

ಉತ್ತರ, ವೈದ್ಯಕೀಯ ದುಭಾಷಿಯೊಬ್ಬರಿಂದ:
ಡಾಕ್ಟರು ಹೇಳಿದ್ದು ಸರಿ. ಆದರೆ ಕೇಳಿದರಷ್ಟೇ ಸಾಲದು, ಉತ್ತರ ಕೆಡದೆ ತಲುಪಬೇಕು. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 18 ವರ್ಷದ ತರುಣನೊಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದಾಗ, ಮನೆಯವರು ಸ್ಪ್ಯಾನಿಷ್‌ನಲ್ಲಿ 'ಇಂಟಾಕ್ಸಿಕಾಡೊ' ಎಂದರು. ತಿಂದದ್ದೋ ಕುಡಿದದ್ದೋ ಮೈಗೆ ಆಗಿಬಂದಿಲ್ಲ ಎಂಬುದು ಅವರ ಅರ್ಥ. ಇಂಗ್ಲಿಷಿನಲ್ಲಿ ಅದನ್ನು ಹೋಲುವ ಪದವೊಂದಿರುವುದರಿಂದ ವೈದ್ಯರು ಮಾದಕವಸ್ತುವಿನ ಅತಿಸೇವನೆ ಎಂದು ತಿಳಿದರು. ಮಿದುಳಿನಲ್ಲಾಗಿದ್ದ ರಕ್ತಸ್ರಾವ ಸಕಾಲದಲ್ಲಿ ಪತ್ತೆಯಾಗದೆ ಆತನ ಕೈಕಾಲುಗಳೆಲ್ಲ ಸ್ವಾಧೀನ ತಪ್ಪಿದವು. ದುಭಾಷಿ ಬೇಕೆಂದು ಯಾರಿಗೂ ಅನಿಸಿರಲಿಲ್ಲ, ಏಕೆಂದರೆ ಮಾತು ಅರ್ಥವಾಗಿದೆಯೆಂದೇ ಎರಡೂ ಕಡೆಯವರು ನಂಬಿದ್ದರು. ಮನೆಯವರನ್ನೇ ದುಭಾಷಿಯಾಗಿಸುವುದೂ ಅಪಾಯವೇ. ಮಗ ತನಗೆ ಕಹಿಯೆನಿಸಿದ್ದನ್ನು ತಾಯಿಗೆ ದಾಟಿಸದೆ ಬಿಡಬಹುದು.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಮಗನೇ ಮುಂದಾಗಿ ಬಂದು "ಅಮ್ಮನಿಗೆ ಏನೂ ಹೇಳಬೇಡಿ" ಎಂದರೆ ಏನು ಮಾಡಬೇಕು?

ಉತ್ತರ, ಅದೇ ವೈದ್ಯರಿಂದ:
ಅವರೊಡನೆ ವಾದಕ್ಕಿಳಿಯಬೇಡಿ, ಆ ಬೇಡಿಕೆಯ ಹಿಂದೆ ಪ್ರೀತಿಯೂ ಇರುತ್ತದೆ. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ, ಮಗ ಪಕ್ಕದಲ್ಲಿ ಇಲ್ಲದಾಗ ಒಮ್ಮೆ, ಎಲ್ಲವನ್ನೂ ತಾವೇ ಕೇಳಿ ತಿಳಿಯಬೇಕೋ ಅಥವಾ ಮಗನಿಗೆ ಹೇಳಿದರೆ ಸಾಕೋ ಎಂದು ತಾಯಿಯನ್ನೇ ಕೇಳಿ, ಅವರ ಉತ್ತರವನ್ನು ಕಡತದಲ್ಲಿ ದಾಖಲಿಸಿ. ಮಗನಿಗೇ ಹೇಳಿ ಎನ್ನುವವರೂ ಇರುತ್ತಾರೆ, ಆಗ ಅದನ್ನೂ ಪಾಲಿಸಬೇಕು. ಅಂದಹಾಗೆ, ಆ ತಾಯಿ ಇನ್ನೂ ನಿಮ್ಮ ವಿಭಾಗದಲ್ಲಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ ಕೇಳಬಹುದು.