ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಹವಾಯಿ ಭಾಷೆಯಲ್ಲಿ ಏನು ಹೇಳಲಿ?

ಪ್ರಶ್ನೆ: ನಮ್ಮ ಸೊಸೆ ಹವಾಯಿಯ ಹಿಲೋ ಊರಿನವಳು. ಮೊಮ್ಮಗಳಿಗೆ ವರ್ಷ ತುಂಬುತ್ತಿದೆ, ಅಲ್ಲಿ ದೊಡ್ಡ ಊಟ ಇಟ್ಟುಕೊಂಡಿದ್ದಾರೆ. ಬೀಗರ ಮುಂದೆ ಅವರದೇ ಭಾಷೆಯಲ್ಲಿ ನಾಲ್ಕು ಮಾತಾಡುವ ಆಸೆ. ಕಲಿತವರು ಯಾರಾದರೂ ತಿಳಿಸುತ್ತೀರಾ?

ಉತ್ತರ: ಖಂಡಿತ ಮಾತಾಡಿ, ಅಮ್ಮ. ಅಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ ಅಂದರೆ ಮದುವೆಯಷ್ಟೇ ಸಡಗರ. ಹೊನೊಲುಲುವಿನಲ್ಲಿ ಕೆಲಸಕ್ಕಿದ್ದಾಗ ನಾನು ಸಂಜೆ ತರಗತಿಗೆ ಹೋಗಿ ಕಲಿತೆ. ಶುರುವಿಗೆ "ಹೌ'ಒಲಿ ಲಾ ಹಾನೌ" ಅನ್ನಿ, ಹುಟ್ಟುಹಬ್ಬದ ಶುಭಾಶಯ. "ಹೌ" ಆದಮೇಲೆ ಗಂಟಲಲ್ಲಿ ಉಸಿರು ಚೂರು ತಡೆದು "ಒಲಿ" ಅನ್ನಬೇಕು. ಆಮೇಲೆ ಮಗುವನ್ನು ಎತ್ತಿಕೊಂಡು "ಅಲೊಹ ಔ ಇಯಾ ಒಎ" ಅನ್ನಿ. ನೀನಂದ್ರೆ ನನಗೆ ಪ್ರೀತಿ ಅಂತ. ನಮ್ಮ ಮನೆಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಅಲ್ವಾ? ಅಲ್ಲಿ ಸಂಕೋಚ ಬೇಡ. ಕೊನೆಗೆ "ಎ ಒಲ", ಬಾಳು ಅಂತ ಹರಸುವ ಮಾತು. ಮಗು ಸೀನಿದರೆ ನಮ್ಮ ಅಜ್ಜಿಯರು "ಚಿರಂಜೀವಿ" ಅನ್ನುವ ಹಾಗೆ ಅವರಲ್ಲೂ "ಕಿಹೆ, ಅ ಮೌಲಿ ಒಲ" ಅನ್ನುವ ಹಳೇ ಮಾತಿದೆ. ನನಗೆ ಅದು ತುಂಬಾ ಇಷ್ಟ.

ಒಂದು ವಿಷಯ ಮೊದಲೇ ಸೊಸೆಯ ಹತ್ತಿರ ಕೇಳಿಕೊಳ್ಳಿ: ಆ ಮನೆಯಲ್ಲಿ ಯಾರಿಗೆ ಹವಾಯಿ ಭಾಷೆ ಬರುತ್ತದೆ ಅಂತ. 1896ರ ಕಾನೂನು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷನ್ನೇ ಪಾಠದ ಭಾಷೆ ಮಾಡಿತು. ಬರಬರುತ್ತಾ ಎಷ್ಟೋ ಮನೆಗಳಲ್ಲಿ ಹವಾಯಿ ಮಾತೇ ನಿಂತಿತು. 1978ರಲ್ಲಿ ಅದು ರಾಜ್ಯದ ಅಧಿಕೃತ ಭಾಷೆಯಾಯಿತು. 1984ರಲ್ಲಿ ಕೌವಾಯಿ ದ್ವೀಪದಲ್ಲಿ ಹವಾಯಿ ಭಾಷೆಯಲ್ಲೇ ಕಲಿಸುವ ಪೂನನ ಲೆಒ ಶಿಶುವಿಹಾರ ಶುರುವಾಯಿತು. ಈಗ ಹಿಲೋ ಹತ್ತಿರದಲ್ಲೇ ಹವಾಯಿ ಮಾಧ್ಯಮದ ಶಾಲೆ ಇದೆ. ಹಾಗಾಗಿ ಬೀಗಿತ್ತಿಗೆ ಬಾರದ ಭಾಷೆ ಆ ಮನೆಯ ಚಿಕ್ಕ ಮಕ್ಕಳಿಗೆ ಸರಾಗವಾಗಿ ಬರಬಹುದು. ಆ ಮಕ್ಕಳ ಜೊತೆ ಅಭ್ಯಾಸ ಮಾಡಿ, ಹಿರಿಯರನ್ನು ಮಾತ್ರ "ನಿಮಗೆ ಬರಲ್ವಾ?" ಅಂತ ಕೇಳಬೇಡಿ. ಅದು ಅವರಿಗೆ ನೋವಿನ ವಿಷಯ.

ಇನ್ನೊಬ್ಬರು: ಕಾರ್ಡ್ ಬರೆಯುವುದಾದರೆ ಅಕ್ಷರದ ಮೇಲಿನ ಗೆರೆ, ಪಕ್ಕದ ಕೊಂಕು ಬಿಡಬೇಡಿ. ಗೆರೆ ಅಂದರೆ ನಮ್ಮ ದೀರ್ಘವೇ, ಕೊಂಕು ಅಂದರೆ ಮೇಲೆ ಹೇಳಿದ ಉಸಿರಿನ ತಡೆ. "ಪೌ" ಅಂದರೆ ಮುಗಿಯಿತು, "ಪಾ'ಊ" ಅಂದರೆ ಲಂಗ!

ಮತ್ತೊಬ್ಬರು: ನನ್ನದು ಮಂಗಳೂರು, ಮನೆಮಾತು ತುಳು. ಕೇಳುವವರನ್ನೂ ಸೇರಿಸಿಕೊಂಡರೆ ನಾವು "ನಮ" ಅಂತೇವೆ, ಬಿಟ್ಟರೆ "ಎಂಕುಲು". ಹವಾಯಿಯಲ್ಲೂ ಹಾಗೇ, "ಕಾಕೊಉ" ಬೇರೆ, "ಮಾಕೊಉ" ಬೇರೆ. ಊಟಕ್ಕೆ ಕೂತ ಎಲ್ಲರಿಗೂ "ಅಲೊಹ ಕಾಕೊಉ" ಅನ್ನಿ. ಅದರಲ್ಲಿ ನೀವೂ ಸೇರಿದಿರಿ, ಬೀಗರೂ ಸೇರಿದರು.