ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ರೈಸ್ ಮಿಲ್ ಕಚೇರಿಗೆ ಇದು ಹೊಂದುತ್ತದೆಯೇ?

ಪ್ರಶ್ನೆ – ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಹದಿನಾಲ್ಕು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಕಚೇರಿಯಲ್ಲಿ ಇರುವುದು ಒಂದೇ ಡೆಸ್ಕ್‌ಟಾಪ್ ಕಂಪ್ಯೂಟರು. 2017ರಲ್ಲಿ ಕೊಂಡದ್ದು, ಏಳನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಈ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರ ನಂತರ ಉಚಿತ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದೆ. ವಿಂಡೋಸ್ 11 ಹಾಕಿಸೋಣವೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚೆಯ ಪ್ರೊಸೆಸರ್ ಬೇಕಂತೆ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕಂತೆ. ಹೊಸ ಕಂಪ್ಯೂಟರಿನ ವಿಚಾರವನ್ನು ಮುಂದಿನ ಸುಗ್ಗಿ ಮುಗಿದ ಮೇಲೆ ನೋಡೋಣ ಎಂದು ಸಾಹುಕಾರರು ಹೇಳಿದ್ದಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಮಗ ಪೆನ್ ಡ್ರೈವ್ ಹಚ್ಚಿ, ವಿಂಡೋಸ್‌ನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ ಚಾಲೂ ಮಾಡಿ ತೋರಿಸಿದ. ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಅದು ನಡೆಯಿತು, ಮೇಲ್ ತೆರೆಯಿತು, ಬ್ಯಾಂಕಿನ ಪುಟವೂ ಬಂತು. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿಯೇ ಇದನ್ನೂ ಕೂಡಿಸಿ, ಆನ್ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು ಎಂದು ಅವನು ಹೇಳುತ್ತಾನೆ. ಆದರೆ ನನ್ನ ಕೆಲಸದ ಬಹುಪಾಲು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿದೆ. ನಮ್ಮಲ್ಲಿ ಜಿಎಸ್‌ಟಿ ರಿಟರ್ನನ್ನು ಸಾಹುಕಾರರ ಡಿಜಿಟಲ್ ಸಹಿಯ ಟೋಕನ್ (ಪೆನ್ ಡ್ರೈವ್‌ನಂಥ ಸಾಧನ) ಹಚ್ಚಿಯೇ ಸಲ್ಲಿಸುತ್ತೇವೆ. ಬ್ಯಾಂಕಿಗೆ, ಎಪಿಎಂಸಿಗೆ, ವಿದ್ಯುತ್ ಕಂಪನಿ ಜೆಸ್ಕಾಂಗೆ ಬರೆದ ಪತ್ರಗಳೆಲ್ಲ ಕನ್ನಡ ಬರೆಯುವ ‘ನುಡಿ’ ತಂತ್ರಾಂಶದಲ್ಲಿವೆ. ಹೀಗಿರುವಾಗ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳುವುದು ಜಾಣತನವೇ? ಹಳೆಯ ಲೆಕ್ಕಕ್ಕೆ ಧಕ್ಕೆ ಬಂದರೆ ನಾನು ಯಾರಿಗೂ ಮುಖ ತೋರಿಸಲಾರೆ. ನಿಜವಾಗಿ ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ – ರಾಯಚೂರಿನಿಂದ

ನಮಸ್ಕಾರ ಸರ್. ನಾನು ರಾಯಚೂರಿನ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಕಚೇರಿಯಲ್ಲಿದ್ದೇನೆ, ಮೂರು ಹಂಗಾಮಿನಿಂದ ಹೀಗೆಯೇ ಎರಡನ್ನೂ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಕಂಪ್ಯೂಟರಿನಲ್ಲಲ್ಲ, ನಿಮ್ಮ ದಿನಚರಿಯಲ್ಲಿ. ಡ್ಯುಯಲ್ ಬೂಟ್ ಎಂದರೆ ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬೇಕು. ಎರಡೂ ಏಕಕಾಲಕ್ಕೆ ನಡೆಯುವುದಿಲ್ಲ. ಹಾರ್ಡ್ ಡಿಸ್ಕಿನ ಹಳೆಯ ಯಂತ್ರದಲ್ಲಿ ಒಂದು ಸಲ ಆಚೆಯಿಂದ ಈಚೆಗೆ ಬರಲು ನಾಲ್ಕೈದು ನಿಮಿಷ ಹೋಗುತ್ತದೆ, ಆ ಹೊತ್ತಿನಲ್ಲಿ ಬಾಗಿಲಿಗೆ ಲಾರಿ ನಿಂತಿದ್ದರೆ ಹಮಾಲರೂ ಡ್ರೈವರೂ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಆದ್ದರಿಂದ ಏನನ್ನೂ ಹಾಕಿಸುವ ಮೊದಲು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಕೆಲಸ ಯಾವ ಹೊತ್ತಿಗೆ ಬಂತು, ಅದಕ್ಕೆ ವಿಂಡೋಸ್ ಬೇಕೇ ಬೇಕಿತ್ತೇ. ದಿನಕ್ಕೆ ಒಂದೆರಡು ಸಲ ಬದಲಿಸಿದರೆ ಸಾಕು ಎನ್ನುವುದಾದರೆ ಧಾರಾಳವಾಗಿ ಹಾಕಿಸಿ. ಹತ್ತು ಸಲವಾಗುವುದಾದರೆ ಬೇಡ.

ಟ್ಯಾಲಿ ವಿಂಡೋಸ್‌ನಲ್ಲಿಯೇ ಇರಲಿ. ಟೋಕನ್ನೂ ಅಲ್ಲೇ ಇರಲಿ, ಸುಗ್ಗಿಯ ನಡುವೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಹೊಸ ಕಡೆ ಕೂಡಿಸಲು ಹೊರಡುವ ಕಾಲ ಇದಲ್ಲ. ಮೇಲ್, ಬ್ಯಾಂಕು, ವಾಟ್ಸಾಪ್ ವೆಬ್, ಗೊತ್ತಿಲ್ಲದವರು ಕಳಿಸಿದ ಫೈಲು ತೆರೆಯುವುದು, ಇವನ್ನೆಲ್ಲ ಲಿನಕ್ಸ್‌ಗೆ ಒಯ್ಯಿರಿ. ಅಪಾಯ ಬರುವುದು ಈ ದಾರಿಯಿಂದಲೇ, ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ವಿಂಡೋಸ್ 10ರಲ್ಲಿ ಜಿಎಸ್‌ಟಿ ಪುಟಕ್ಕಷ್ಟೇ ಎಡ್ಜ್ ಬಳಸಿ. ಆ ಬ್ರೌಸರ್‌ಗೆ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ.

ಇನ್ನು ನನಗೆ ಪೆಟ್ಟು ಬಿದ್ದ ಒಂದು ಜಾಗವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಬ್ಯಾಟರಿಯ ಮೇಲೆ ನಡೆಯುವ ಒಂದು ಗಡಿಯಾರವಿರುತ್ತದೆ. ಅದರಲ್ಲಿರುವುದು ಭಾರತದ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ಅದರಲ್ಲಿರುವುದು ಗ್ರೀನಿಚ್ ಸಮಯ ಎಂದು ಲಿನಕ್ಸ್ ತಿಳಿಯುತ್ತದೆ. ಎರಡಕ್ಕೂ ಐದೂವರೆ ತಾಸಿನ ಅಂತರ. ನಮ್ಮ ವೇಬ್ರಿಜ್ ಕೋಣೆಯಲ್ಲಿ ಆಗ ಇಂಟರ್ನೆಟ್ ಇರಲಿಲ್ಲ. ಒಂದು ರಾತ್ರಿ ನಾನು ಲಿನಕ್ಸ್‌ನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಮೇಲ್ ನೋಡಿ, ಮೊಬೈಲನ್ನು ಜೇಬಿಗಿಟ್ಟುಕೊಂಡು, ವಿಂಡೋಸ್ ತೆರೆದು ಮನೆಗೆ ಹೋದೆ. ನಸುಕಿನ ಎರಡು ಗಂಟೆಗೆ ಅರಳೆ ಬೇಲ್ ಹೊತ್ತ ಲಾರಿ ತೂಕವಾಯಿತು. ತೂಕದ ಚೀಟಿಯ ಮೇಲೆ ಬಿದ್ದದ್ದು ಹಿಂದಿನ ದಿನದ ತಾರೀಖು, ಸಮಯ ರಾತ್ರಿ 8.30. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಮಾತ್ರ ಸರ್ಕಾರಿ ಪೋರ್ಟಲಿನ ಸಮಯದ ಪ್ರಕಾರ ಸರಿಯಾದ ತಾರೀಖಿನಲ್ಲಿತ್ತು. ಕೊಂಡವರ ಗೇಟಿನಲ್ಲಿ ಲಾರಿ ಅರ್ಧ ದಿನ ನಿಂತಿತು, ‘ಬಿಲ್ಲಿಗಿಂತ ಮೊದಲೇ ಮಾಲು ಹೇಗೆ ತೂಗಿದಿರಿ’ ಎಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು. ಇದಕ್ಕೆ ಪರಿಹಾರ ಸುಲಭ: ಲಿನಕ್ಸ್ ಹಾಕಿದ ದಿನವೇ ‘ಟೈಮ್‌ಡೇಟ್‌ಸಿಟಿಎಲ್’ ಎಂಬ ಆಜ್ಞೆಯಿಂದ ಆ ಗಡಿಯಾರವನ್ನು ಸ್ಥಳೀಯ ಸಮಯವೆಂದು ಓದುವಂತೆ ಮಾಡಿಸಿ, ನಿಮ್ಮ ಮಗನಿಗೆ ಎರಡು ನಿಮಿಷದ ಕೆಲಸ. ಆಮೇಲೆ ಎರಡೂ ಕಡೆ ತೆರೆದು ಕೈಗಡಿಯಾರದೊಂದಿಗೆ ತಾಳೆ ನೋಡಿ.

ಇನ್ನೊಂದು ವಿಷಯ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ನಾವು ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಅರೆನಿದ್ದೆಯಲ್ಲಿರುತ್ತದೆ. ಅಂಥ ವೇಳೆ ಲಿನಕ್ಸ್‌ನಿಂದ ಅದೇ ಡಿಸ್ಕಿಗೆ ಬಲವಂತವಾಗಿ ಏನನ್ನಾದರೂ ಬರೆದರೆ ಫೈಲುಗಳು ಕೆಡುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಆ ಟಿಕ್ಕನ್ನು ತೆಗೆದುಬಿಡಿ.

ಉತ್ತರ – ಬಳ್ಳಾರಿಯಿಂದ

ರಾಯಚೂರಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ, ಒಂದು ಮಾತು ಮಾತ್ರ ಸೇರಿಸುತ್ತೇನೆ. ನಾನು ಬಳ್ಳಾರಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವವನು, ಜೀನ್ಸ್ ಹೊಲಿಯುವ ಘಟಕಗಳ ಕಚೇರಿಗಳೇ ನನ್ನ ಹೆಚ್ಚಿನ ಗಿರಾಕಿಗಳು. ಕಚೇರಿಯ ಲೆಕ್ಕವಿರುವ ಡಿಸ್ಕನ್ನು ಕತ್ತರಿಸಿ ಅದರಲ್ಲಿಯೇ ಲಿನಕ್ಸ್‌ಗೆ ಜಾಗ ಮಾಡುವುದನ್ನು ನಾನು ಈಗ ನಿಲ್ಲಿಸಿದ್ದೇನೆ. ಒಂದು ಬೇಸಗೆಯಲ್ಲಿ ಗಿರಾಕಿಯೊಬ್ಬರ ಅಂಗಡಿಯಲ್ಲಿ ಕೂತು ಪಾರ್ಟಿಶನ್ ಕಿರಿದು ಮಾಡುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿ ಸತ್ತುಹೋಗಿದೆಯೆಂಬುದನ್ನು ನಾನು ಮೊದಲೇ ಪರೀಕ್ಷಿಸಿರಲಿಲ್ಲ. ಬ್ಯಾಕಪ್ ಇದ್ದುದರಿಂದ ಲೆಕ್ಕ ಉಳಿಯಿತು. ವಿಂಡೋಸ್ ಅನ್ನು ಮಾತ್ರ ಮೊದಲಿನಿಂದ ಹಾಕಬೇಕಾಯಿತು, ಟ್ಯಾಲಿಯ ಲೈಸೆನ್ಸನ್ನು ಮತ್ತೆ ಚಾಲ್ತಿ ಮಾಡಿಸಲು ಎರಡು ದಿನ ಓಡಾಡಿದೆ.

ನಿಮ್ಮದು ಡೆಸ್ಕ್‌ಟಾಪ್ ಆದ್ದರಿಂದ ದಾರಿ ಸಲೀಸಾಗಿದೆ. 240 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ತಂದು ಲಿನಕ್ಸ್‌ಗೆ ಅದನ್ನೇ ಮೀಸಲಿಡಿ. ಲಿನಕ್ಸ್ ಹಾಕುವಾಗ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ಲನ್ನು ಕಿತ್ತಿಡಿ. ಕೇಬಲ್ಲೇ ಇಲ್ಲದ ಡಿಸ್ಕನ್ನು ಯಾರೂ ತಪ್ಪಿ ಅಳಿಸಲಾರರು. ಕೆಲಸ ಮುಗಿದ ಮೇಲೆ ಕೇಬಲ್ ಹಚ್ಚಿ, ಆನ್ ಮಾಡುವಾಗ ಬೂಟ್ ಮೆನು ತೆರೆದು ಬೇಕಾದ ಡಿಸ್ಕನ್ನು ಆರಿಸಿ. ಕಂಪನಿಗೆ ತಕ್ಕಂತೆ ಆ ಕೀ ಎಫ್12, ಎಫ್11, ಎಫ್9 ಅಥವಾ ಎಸ್ಕೇಪ್ ಆಗಿರುತ್ತದೆ. ಹೀಗೆ ಮಾಡಿದರೆ ಒಂದರ ಬೂಟ್ ಫೈಲು ಇನ್ನೊಂದರಲ್ಲಿ ಕೂಡುವುದಿಲ್ಲ, ಯಾವ ಡಿಸ್ಕ್ ಕೆಟ್ಟರೂ ಇನ್ನೊಂದು ತಾನಾಗಿ ಏಳುತ್ತದೆ. ಆದರೂ ಸೆಕ್ಯೂರ್ ಬೂಟ್‌ನ (ನಂಬಿಕೆಯ ಸಿಸ್ಟಂ ಮಾತ್ರ ಏಳಲು ಬಿಡುವ ಕಾವಲು) ನಿಯಮಗಳು ಮದರ್‌ಬೋರ್ಡಿನಲ್ಲಿ ಎರಡಕ್ಕೂ ಸೇರಿ ಇರುತ್ತವೆ ಎಂಬುದು ನೆನಪಿರಲಿ: 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟಿನಿಂದ ಎರಡನ್ನೂ ಇಟ್ಟುಕೊಂಡಿದ್ದ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಯಿತು. ಡೇಟಾ ಹೋಗಲಿಲ್ಲ, ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್ ಎಬ್ಬಿಸಿ ಸರಿಪಡಿಸಬೇಕಾಯಿತು.

ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ, ಏನನ್ನಾದರೂ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ. ಆ ಅಂಕಿ ಇಲ್ಲದೆ ಬಂದ ಡಿಸ್ಕನ್ನು ಯಾವ ಅಂಗಡಿಯವನೂ ತೆರೆದುಕೊಡಲಾರ.

ಲಿನಕ್ಸ್ ಒಳಗೆ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿ ಅದರಲ್ಲಿ ವಿಂಡೋಸ್ ನಡೆಸುವ ದಾರಿಯೂ ಇದೆ, ಆಗ ಎರಡೂ ಒಟ್ಟಿಗೆ ಕಣ್ಣ ಮುಂದಿರುತ್ತವೆ. ಆದರೆ 8 ಜಿಬಿಯನ್ನು ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಸಾಲುವುದಿಲ್ಲ. ಮೇಲಾಗಿ ಟ್ಯಾಲಿ ಅದನ್ನು ಬೇರೆ ಕಂಪ್ಯೂಟರೆಂದೇ ಎಣಿಸುತ್ತದೆ, ಹಳೆಯ ಕಡೆ ಲೈಸೆನ್ಸನ್ನು ಸರೆಂಡರ್ ಮಾಡಿಯೇ ಅಲ್ಲಿ ಚಾಲ್ತಿ ಮಾಡಬೇಕು. 16 ಜಿಬಿ ಹಾಕಿಸುವವರೆಗೆ ಆ ಯೋಚನೆ ಬೇಡ.

ಉತ್ತರ – ಕೊಪ್ಪಳದಿಂದ

ಸರ್, ನುಡಿಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಕೊಪ್ಪಳದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ನಿಮ್ಮ ಹಳೆಯ ಪತ್ರಗಳು ಎಲ್ಲ ಕಡೆ ನಡೆಯುವ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ಇಲ್ಲದೆ ನುಡಿಯ ಹಳೆಯ ಫಾಂಟಿನಲ್ಲಿದ್ದರೆ, ಅವು ಲಿನಕ್ಸ್‌ನಲ್ಲಿ ಮೊದಲ ಸಲ ತೆರೆದಾಗ ನಿಮ್ಮ ಎದೆ ಧಸಕ್ಕೆನ್ನುತ್ತದೆ. ‘ಕನ್ನಡ’ ಎಂಬ ಪದವಿದ್ದಲ್ಲಿ ಇಂಗ್ಲಿಷಿನ ಪಿ, ಕ್ಯೂ ಅಕ್ಷರಗಳು, ನಡುವೆ ಪೌಂಡ್ ಹಣದ ಗುರುತು, ತಲೆಯ ಮೇಲೆ ಗೀರು ಹೊತ್ತ ‘ಎ’ಗಳು ಸಾಲಾಗಿ ನಿಂತಿರುತ್ತವೆ. ಪತ್ರ ಕೆಟ್ಟಿಲ್ಲ, ಗಾಬರಿಯಾಗಿ ಸೇವ್ ಮಾಡದೆ ಮುಚ್ಚಿ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಇಂಗ್ಲಿಷೇ ಕಾಣುತ್ತದೆ. ವಿಂಡೋಸ್‌ನಲ್ಲಿರುವ ನುಡಿ ಫಾಂಟಿನ ಫೈಲುಗಳನ್ನು ಲಿನಕ್ಸ್‌ನಲ್ಲಿ ಹಾಕಿಕೊಂಡರೆ ಲಿಬ್ರೆ ಆಫೀಸಿನಲ್ಲಿ ಅವೇ ಪತ್ರಗಳನ್ನು ಓದಬಹುದು. ಪುಟದ ಅಂಚು, ಕೋಷ್ಟಕ ಅಲ್ಲಲ್ಲಿ ಸರಿಯಬಹುದು.

ಹೊಸ ಪತ್ರಗಳನ್ನು ಮಾತ್ರ ಇನ್ನು ಮುಂದೆ ಯೂನಿಕೋಡ್‌ನಲ್ಲಿಯೇ ಬರೆಯಿರಿ ಎಂದು ಕೈಮುಗಿದು ಕೇಳುತ್ತೇನೆ. ಬೆರಳಿಗೆ ಹೊಸ ಅಭ್ಯಾಸ ಬೇಕಾಗಿಲ್ಲ. ನುಡಿಯಲ್ಲಿ ನಾವು ಒತ್ತುವ ಕೀಲಿಮಣೆ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ್ದು, ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಅಡಿ ‘ಕಗಪ’ ಎಂಬ ಹೆಸರಿನಲ್ಲಿ ಅದು ಈಗಾಗಲೇ ಇದೆ. ಒತ್ತಕ್ಷರ ಕೂಡಿಸುವ ಎಫ್ ಕೀ ಇಲ್ಲಿಯೂ ಅದೇ ಕೆಲಸ ಮಾಡುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದು ಎರಡೂ ಸಿಸ್ಟಂಗಳಲ್ಲಿ, ಮೊಬೈಲಿನಲ್ಲಿ, ಬ್ಯಾಂಕಿನವರ ಟೇಬಲ್ಲಿನ ಮೇಲೂ ಕನ್ನಡವಾಗಿಯೇ ತೆರೆಯುತ್ತದೆ.

ಪ್ರಿಂಟರನ್ನು ಪೆನ್ ಡ್ರೈವ್‌ನ ಮಿಂಟ್‌ನಲ್ಲಿಯೇ ಪರೀಕ್ಷಿಸಿ ನೋಡಿ. ನನ್ನಲ್ಲಿದ್ದ ಹಳೆಯ ಲೇಸರ್ ಪ್ರಿಂಟರಿಗೆ ಡ್ರೈವರ್ ಹುಡುಕಲು ಹೋಗಿ ಒಂದು ಭಾನುವಾರ ಪೂರ್ತಿ ಕಳೆಯಿತು. ಕೊನೆಗೆ ಪಿಡಿಎಫ್ ಮಾಡಿಕೊಂಡು ವಿಂಡೋಸ್‌ಗೆ ಹೋಗಿ ಪ್ರಿಂಟ್ ತೆಗೆದೆ.

ಪ್ರಶ್ನೆ ಕೇಳಿದವರಿಂದ – ಗಂಗಾವತಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ರಾಯಚೂರಿನವರು ಹೇಳಿದಂತೆ ಸೋಮವಾರದಿಂದ ಶನಿವಾರದವರೆಗೆ ಬರೆದಿಟ್ಟೆ. ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಬಿಲ್ಲು, ಇ-ವೇ ಬಿಲ್ಲು, ಜಮಾ-ಖರ್ಚು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಇ-ವೇ ಬಿಲ್ಲನ್ನು ನಾನು ಟ್ಯಾಲಿಯಿಂದಲೇ ತೆಗೆಯುವುದರಿಂದ ಆ ಹೊತ್ತಿನಲ್ಲಿ ವಿಂಡೋಸ್ ಬಿಟ್ಟು ಏಳುವಂತಿಲ್ಲ. ಮೇಲ್, ಬ್ಯಾಂಕಿನ ಸ್ಟೇಟ್‌ಮೆಂಟ್, ಪತ್ರಗಳು ಮಾತ್ರ ಸಂಜೆಗೆ ಉಳಿಯುತ್ತವೆ. ಆರು ದಿನಗಳಲ್ಲಿ ಗುರುವಾರ ಒಂದು ದಿನ ಮಾತ್ರ ಮಧ್ಯಾಹ್ನ ಮೇಲ್ ನೋಡಲೇಬೇಕಾಗಿ ಬಂತು. ಅಂದರೆ ದಿನಕ್ಕೆ ಒಂದು ಸಲ ಬದಲಿಸಿದರೆ ನಡೆಯುತ್ತದೆ. ಬಿಟ್‌ಲಾಕರ್ ಆಫ್ ಇದೆ. ಎಸ್‌ಎಸ್‌ಡಿಗೆ ಸಾಹುಕಾರರು ಒಪ್ಪಿದ್ದಾರೆ, ಮಗ ಬರುವ ಭಾನುವಾರ ಬರುತ್ತಾನೆ.

ಒಂದು ಸಂದೇಹ ಉಳಿದಿದೆ. ಲಿನಕ್ಸ್‌ನಲ್ಲಿ ಹಳೆಯ ಡಿಸ್ಕೂ ಕಾಣಿಸುತ್ತದೆ ಎಂದು ಮಗ ಹೇಳುತ್ತಾನೆ. ಸಂಜೆ ಅಲ್ಲಿಂದಲೇ ಟ್ಯಾಲಿಯ ಡೇಟಾ ಫೋಲ್ಡರನ್ನು ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳಬಹುದೇ?

ಉತ್ತರ – ರಾಯಚೂರಿನಿಂದ

ಬೇಡ ಸರ್. ನಕಲು ಮಾಡಿದರೆ ಆಗುತ್ತದೆ, ಆದರೆ ನಕಲು ಮಾಡಲು ಹೋದ ಕೈ ಒಂದು ದಿನ ಎಳೆದು ಬೇರೆಡೆ ಹಾಕಿಬಿಡುತ್ತದೆ. ಆ ಡಿಸ್ಕು ಲಿನಕ್ಸ್‌ನಲ್ಲಿ ತಾನಾಗಿ ತೆರೆಯದಂತೆಯೇ ಮಗನಿಗೆ ಹೇಳಿ ಇಡಿಸಿ. ಸಂಜೆ ವಿಂಡೋಸ್ ಮುಚ್ಚುವ ಮೊದಲು ಟ್ಯಾಲಿಯ ಒಳಗಿನಿಂದಲೇ ಬ್ಯಾಕಪ್ ತೆಗೆಯಿರಿ, ಎರಡು ಪೆನ್ ಡ್ರೈವ್‌ಗಳನ್ನು ದಿನ ಬಿಟ್ಟು ದಿನ ಬಳಸಿ, ಒಂದು ಕಚೇರಿಯಲ್ಲಿದ್ದರೆ ಇನ್ನೊಂದು ನಿಮ್ಮ ಮನೆಯಲ್ಲಿರಲಿ. ಭಾನುವಾರ ಎಸ್‌ಎಸ್‌ಡಿ ಕೂಡಿಸುವ ಮೊದಲು, ಶನಿವಾರದ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನ ಟ್ಯಾಲಿಯಲ್ಲಿ ಖಾಲಿ ಫೋಲ್ಡರಿಗೆ ರೀಸ್ಟೋರ್ ಮಾಡಿ ಆ ದಿನದ ಕೊನೆಯ ವೋಚರ್ ಮತ್ತು ನಗದು ಶಿಲ್ಕು ತಾಳೆಯಾಗುತ್ತವೆಯೇ ನೋಡಿ. ಅವು ತಾಳೆಯಾದ ಮೇಲೆಯೇ ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚಿಸಿ.