ದುಬೈಯ ಮರಳಲ್ಲಿ ಸಾವಯವ ತರಕಾರಿ ಬೆಳೆಯೋಕೆ ಆಗುತ್ತಾ?

ಪ್ರಶ್ನೆ (ಬಸವನಗುಡಿ):
ನಮಸ್ಕಾರ ಸರ್. ಇಲ್ಲಿ ನಮ್ಮ ತಾರಸಿಯಲ್ಲಿ ವರ್ಷಪೂರ್ತಿ ಸೊಪ್ಪು, ತರಕಾರಿ ಬೆಳೆಯುತ್ತೇನೆ. ಮಗಳು ದುಬೈಯಲ್ಲಿದ್ದಾಳೆ. ಮನೆ ಹಿಂದೆ ಸ್ವಲ್ಪ ಜಾಗ ಇದೆ, ಪೂರ್ತಿ ಮರಳು. ನಾನು ಹೇಳಿದ ಹಾಗೆ ಏರುಮಡಿ ಮಾಡಿ, ಗೊಬ್ಬರದ ಜೊತೆ ಒಲೆ ಬೂದಿ ಬೆರೆಸಿ, ಏಪ್ರಿಲ್‌ನಲ್ಲಿ ಟೊಮೆಟೊ ಸಸಿ ನೆಟ್ಟಳು. ಕೊತ್ತಂಬರಿಯನ್ನೂ ಬಿತ್ತಿದಳು. ಕೊತ್ತಂಬರಿ ಮೇಲೇಳಲೇ ಇಲ್ಲ. ಟೊಮೆಟೊ ಹೂ ಬಿಟ್ಟಿತು, ಆದರೆ ಒಂದೂ ಕಾಯಿ ಕಚ್ಚಲಿಲ್ಲ. ಎಳೆ ಎಲೆಗಳು ಹಳದಿ, ನರ ಮಾತ್ರ ಹಸಿರು. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆ. ರಾಸಾಯನಿಕ ಬೇಡವೇ ಬೇಡ ಅನ್ನುತ್ತಾಳೆ. ಈಗ ಜುಲೈ. ಮತ್ತೆ ಯಾವಾಗ, ಹೇಗೆ ಶುರು ಮಾಡಲಿ?

ಉತ್ತರ (ತೋಟಗಾರಿಕೆ ಸಲಹೆಗಾರರು, ಹೆಬ್ಬಾಳ):
ಖಂಡಿತ ಬೆಳೆಯಬಹುದು ಮೇಡಂ. ನೀವು ಹೇಳಿಕೊಟ್ಟದ್ದು ಬೆಂಗಳೂರಿಗೆ ಸರಿಯಾಗಿಯೇ ಇದೆ. ಅಲ್ಲಿ ಅದರಲ್ಲಿ ಮುಕ್ಕಾಲು ಭಾಗವನ್ನು ತಿರುವುಮುರುವು ಮಾಡಬೇಕು, ಅಷ್ಟೇ.

ಮೊದಲು ಬೂದಿ. ನಮ್ಮ ಕೆಂಪು ಮಣ್ಣು ಸಾಮಾನ್ಯವಾಗಿ ಸ್ವಲ್ಪ ಹುಳಿ ಇರುತ್ತದೆ, ಬೂದಿ ಬಿದ್ದರೆ ಒಳ್ಳೆಯದೇ. ದುಬೈಯ ಮರಳಲ್ಲಿ ಸುಣ್ಣದ ಅಂಶ ಮೊದಲೇ ಜಾಸ್ತಿ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 8ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಅದರ ಮೇಲೆ ಬೂದಿಯೂ ಬಿದ್ದರೆ ಮಣ್ಣಲ್ಲಿರುವ ಕಬ್ಬಿಣ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಕೊರತೆಯೇ. ಬೂದಿ, ಸುಣ್ಣ, ಮೊಟ್ಟೆ ಚಿಪ್ಪು ಮೂರನ್ನೂ ಪೂರ್ತಿ ನಿಲ್ಲಿಸಲಿ. ಚೆನ್ನಾಗಿ ಕಳಿತ ಕಾಂಪೋಸ್ಟ್ ಧಾರಾಳವಾಗಿ ಹಾಕಲಿ. ಮೇಲಿನ ಒಂದು ಅಡಿ ಮರಳಿಗೆ ಮೂರನೇ ಒಂದು ಭಾಗ ಕಾಂಪೋಸ್ಟ್ ಹಾಕಿದರೂ ಜಾಸ್ತಿಯಲ್ಲ. ಆ ಬಿಸಿಗೆ ಅದು ಬೇಗ ಕರಗಿಹೋಗುತ್ತದೆ, ಪ್ರತಿ ಹಂಗಾಮಿಗೂ ಮತ್ತೆ ಹಾಕಬೇಕು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕುವುದಾದರೆ ಮೊದಲು ನೀರಲ್ಲಿ ಚೆನ್ನಾಗಿ ತೊಳೆಯಲಿ, ಕೆಲವದರಲ್ಲಿ ತುಂಬಾ ಉಪ್ಪಿರುತ್ತದೆ.

ಮಣ್ಣಿನ ಮೇಲಿನ ಬಿಳಿ ಪುಡಿಯೂ ಉಪ್ಪೇ. ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ದಿನಾ ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ಇನ್ನೂ ಜಾಸ್ತಿಯಾಗುತ್ತದೆ. ಆ ಪದರ ಕೆರೆದು ತೆಗೆದು, ಒಮ್ಮೆ ಆಳಕ್ಕೆ ಇಳಿಯುವಷ್ಟು ನೀರು ಬಿಡಲಿ. ಮರಳಾದ್ದರಿಂದ ಉಪ್ಪು ಸಲೀಸಾಗಿ ಕೆಳಗೆ ಹೋಗುತ್ತದೆ. ಅಲ್ಲಿ ನಲ್ಲಿಯಲ್ಲಿ ಬರುವುದು ಹೆಚ್ಚಾಗಿ ಉಪ್ಪು ತೆಗೆದ ಸಮುದ್ರದ ನೀರು, ಅದು ಪರವಾಗಿಲ್ಲ. ಬೋರ್‌ವೆಲ್ ನೀರಾದರೆ ಪರೀಕ್ಷೆ ಮಾಡಿಸಲೇಬೇಕು.

ಇನ್ನು ಏರುಮಡಿ. ಮಳೆ ನೀರು ನಿಲ್ಲಬಾರದು ಅಂತ ಇಲ್ಲಿ ಎತ್ತರ ಮಾಡುತ್ತೇವೆ. ಅಲ್ಲಿ ವರ್ಷಕ್ಕೆ ಬರುವ ಮಳೆ 100 ಮಿ.ಮೀ. ಆಸುಪಾಸು. ಎತ್ತರದ ಮಡಿಗೆ ಬಿಸಿಗಾಳಿ ಎಲ್ಲ ಕಡೆಯಿಂದ ಬಡಿದು ಬೇಗ ಒಣಗುತ್ತದೆ. ಬದಲಿಗೆ ಮಡಿಯನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ತಗ್ಗಿಸಿ, ಸುತ್ತ ಬದು ಕಟ್ಟಲಿ. ಮೇಲೆ ಮೂರು ಇಂಚು ಒಣ ಎಲೆ ಅಥವಾ ಚೂರು ಮಾಡಿದ ಖರ್ಜೂರದ ಗರಿಯ ಮುಚ್ಚಿಗೆ.

ಟೊಮೆಟೊ ಕಾಯಿ ಕಚ್ಚದಿರುವುದು ಸೆಕೆಯಿಂದ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಹೂ ಉದುರುತ್ತದೆ. ಇದಕ್ಕೆ ಯಾವ ಟಾನಿಕ್ಕೂ ಇಲ್ಲ, ಕಾಲ ಬದಲಿಸಬೇಕು. ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರ್‌ನಲ್ಲಿ ನೆರಳಲ್ಲಿ ಟ್ರೇಗಳಿಗೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜ ಹಾಕಿ, ಅಕ್ಟೋಬರ್‌ನಲ್ಲಿ ನಾಟಿ. ನವೆಂಬರ್ ಹೊತ್ತಿಗೆ ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ, ಕೋಸು. ಏಪ್ರಿಲ್‌ವರೆಗೆ ಕೈತುಂಬ ಬರುತ್ತದೆ. ಬೇಸಿಗೆಗೆ ಬೆಂಡೆ, ಅಲಸಂದೆ, ಗೋರಿಕಾಯಿ, ದಂಟು ಸಾಕು, ಅದೂ 50% ನೆರಳುಬಲೆ ಕೆಳಗೆ.

ಪ್ರಶ್ನೆ (ಅವರೇ):
ತುಂಬಾ ಥ್ಯಾಂಕ್ಸ್ ಸರ್. ನೀರು ಎಷ್ಟು ಹೊತ್ತಿಗೆ ಹಾಕಬೇಕು? ಅವಳು ಕೆಲಸಕ್ಕೆ ಹೋಗುತ್ತಾಳೆ, ಸಂಜೆ ಬಂದೇ ಹಾಕೋದು.

ಉತ್ತರ:
ಬೆಳಗಿನ ಜಾವ ಒಳ್ಳೆಯದು ಮೇಡಂ. ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಕೈಸುಡುವಷ್ಟು ಕಾದಿರುತ್ತದೆ. ಅದನ್ನು ನೇರವಾಗಿ ಗಿಡಕ್ಕೆ ಬಿಟ್ಟರೆ ಬೇರು ಬೇಯುತ್ತದೆ. ಮೊದಲು ಬಂದ ನೀರನ್ನು ಬಕೆಟ್ಟಿಗೆ ಹಿಡಿದು ಆರಿಸಲಿ.

ಕೆಲಸಕ್ಕೆ ಹೋಗುವವರಿಗೆ ಮಡಕೆ ನೀರಾವರಿ ತುಂಬಾ ಅನುಕೂಲ. ಚೀನಾದಲ್ಲಿ ಸುಮಾರು 2000 ವರ್ಷದ ಹಿಂದೆಯೇ ಈ ಪದ್ಧತಿ ಇತ್ತು. ಬಣ್ಣ, ಪಾಲಿಶ್ ಇಲ್ಲದ ಮಣ್ಣಿನ ಮಡಕೆ ಬೇಕು. ಹೂಳುವ ಮುಂಚೆ ನೀರು ತುಂಬಿ ನೆರಳಲ್ಲಿಡಿ. ಕೆಲವು ಗಂಟೆಯಲ್ಲಿ ಹೊರಮೈ ಬೆವರಿದ ಹಾಗೆ ಒದ್ದೆಯಾದರೆ ಅದು ಕೆಲಸಕ್ಕೆ ಬರುತ್ತದೆ. ಒಣಗಿಯೇ ಇದ್ದರೆ ಬೇರೆಯದು ಹುಡುಕಿ. ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕಲಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಸುತ್ತ ಒಂದು ಗೇಣು ದೂರದಲ್ಲಿ ಸಸಿ. ಸುತ್ತಲಿನ ಮಣ್ಣು ಒಣಗಿದಾಗ ನೀರು ತಾನಾಗಿಯೇ ಹೊರಗೆ ಜಿನುಗುತ್ತದೆ. ಹಂಗಾಮು ಮುಗಿದ ಮೇಲೆ ಮಡಕೆ ತೆಗೆದು ನೋಡಿ, ಬೇರುಗಳು ಅದನ್ನು ಬಲೆಯ ಹಾಗೆ ಸುತ್ತಿಕೊಂಡಿರುತ್ತವೆ.

ಪ್ರಶ್ನೆ (ಯಲಹಂಕ):
ನನ್ನ ತಮ್ಮನೂ ಅಲ್ಲೇ ಇದ್ದಾನೆ ಸರ್. ಬದನೆ ಎಲೆ ಮೇಲೆ ಸಣ್ಣ ಸಣ್ಣ ಚುಕ್ಕೆ, ಅಡಿಯಲ್ಲಿ ಬಲೆ. ಬೇವಿನ ಎಣ್ಣೆ ಹೊಡೆಯಬಹುದಾ?

ಉತ್ತರ:
ಅದು ಮೈಟ್ ನುಸಿ. ಒಣ ಸೆಕೆ ಅಂದರೆ ಅದಕ್ಕೆ ಹಬ್ಬ. ಎರಡು ಮೂರು ದಿನಕ್ಕೊಮ್ಮೆ ಎಲೆಯ ಅಡಿಭಾಗಕ್ಕೆ ರಭಸವಾಗಿ ತಣ್ಣೀರು ಹೊಡೆಯಲಿ, ಅರ್ಧ ಹಾವಳಿ ಅಲ್ಲೇ ಇಳಿಯುತ್ತದೆ. ಬೇವಿನ ಎಣ್ಣೆಯನ್ನು ಸೂರ್ಯ ಮುಳುಗಿದ ಮೇಲೆ ಮಾತ್ರ, ಮೊದಲು ಒಂದೆರಡು ಎಲೆಗೆ ಹೊಡೆದು ನೋಡಲಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕಡು ಬೇಸಿಗೆಯಲ್ಲಿ ಎಣ್ಣೆಯೇ ಬೇಡ.

ಪ್ರಶ್ನೆ (ಬಸವನಗುಡಿ):
ಕೊನೇದಾಗಿ ಸರ್, ಅವಳಿಗೆ ಅವರೆಕಾಯಿ ಅಂದರೆ ಪ್ರಾಣ. ಬೀಜ ಕಳಿಸಲಾ? ಅಲ್ಲಿವರೆಗೆ ಮಡಿಯನ್ನು ಖಾಲಿ ಬಿಡಬಹುದಾ?

ಉತ್ತರ:
ನಮ್ಮ ನಾಟಿ ಅವರೆ ಹಗಲು ಚಿಕ್ಕದಾದಾಗ ಹೂ ಬಿಡುತ್ತದೆ. ಅಲ್ಲೂ ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಚಳಿಗಾಲಕ್ಕೆ ಕಾಯಿ ಬರಬೇಕು. ಆದರೆ ಬೀಜವನ್ನು ಸುಮ್ನೆ ಸೂಟ್‌ಕೇಸಿಗೆ ಹಾಕಬೇಡಿ. ಗಿಡ, ಬೀಜ ಒಯ್ಯುವುದಕ್ಕೆ ಅಲ್ಲಿನ ನಿಯಮ ಮೊದಲು ವಿಚಾರಿಸಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳಬಹುದು. ಅಲ್ಲೇ ಸಿಕ್ಕರೆ ಇನ್ನೂ ಸುಲಭ, ಅಲ್ವಾ?

ಮಡಿ ಖಾಲಿ ಬಿಡುವ ಬದಲು ಆ ಬಿಸಿಲನ್ನೇ ಬಳಸಿಕೊಳ್ಳಿ. ಉಪ್ಪು ತೊಳೆದ ಮೇಲೆ ಮಣ್ಣನ್ನು ಚೆನ್ನಾಗಿ ತೋಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆಲ್ಲ ಮರಳು ಒತ್ತಲಿ. ನಾಲ್ಕರಿಂದ ಆರು ವಾರ ಹಾಗೇ ಇರಲಿ. ಬೇರುಗಂಟು ಮಾಡುವ ಜಂತುಹುಳು, ಕಳೆ ಬೀಜ ಬಹುಪಾಲು ಸಾಯುತ್ತವೆ. ಹಾಳೆ ತೆಗೆದು ಆಮೇಲೆ ಕಾಂಪೋಸ್ಟ್ ಬೆರೆಸಲಿ, ಮುಂಚೆ ಬೇಡ. ಅದರಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳೂ ಬೆಂದುಹೋಗುತ್ತವೆ. ಈ ವಾರವೇ ಹೊದಿಸಿದರೆ ಸೆಪ್ಟೆಂಬರ್‌ಗೆ ಮಡಿ ಸಿದ್ಧ.